ವಾರನ್ ಬಫೆಟ್ ದಾನದ ಲೆಕ್ಕ: ಕೊಟ್ಟಷ್ಟೂ ಉಳಿದದ್ದು ಹೇಗೆ, ಉಳಿದದ್ದು ಯಾರ ಕೈಗೆ?

2025ರ ಡಿಸೆಂಬರ್ 31ಕ್ಕೆ ಅಮೆರಿಕದ ಹೂಡಿಕೆದಾರ ವಾರನ್ ಬಫೆಟ್ ಬರ್ಕ್‌ಷೈರ್ ಹಾಥವೇ ಕಂಪನಿಯ ಸಿಇಒ ಹುದ್ದೆಯಿಂದ ಇಳಿದರು. ಮರುದಿನ ಗ್ರೆಗ್ ಏಬಲ್ ಆ ಜಾಗಕ್ಕೆ ಬಂದರು, 95 ವರ್ಷದ ಬಫೆಟ್ ಅಧ್ಯಕ್ಷರಾಗಿ ಉಳಿದರು. ಇಷ್ಟರಲ್ಲಿ ಗೊಂದಲವೇನಿಲ್ಲ. ಗೊಂದಲ ಹುಟ್ಟಿದ್ದು ಇದರ ಹಿಂದೆಮುಂದೆ ಬಂದ ದಾನದ ಸುದ್ದಿಗಳಿಂದ. ಆಸ್ತಿಯ ಶೇ 99ರಷ್ಟನ್ನು ದಾನ ಮಾಡುವುದಾಗಿ ಮಾತು ಕೊಟ್ಟವರು ಇವರೇ. ಈವರೆಗೆ 60 ಶತಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟಿದ್ದಾರೆ ಎಂಬುದೂ ನಿಜ (ಒಂದು ಶತಕೋಟಿ ಎಂದರೆ 100 ಕೋಟಿ). ಆದರೂ 150 ಶತಕೋಟಿ ಡಾಲರ್‌ನ ಆಸುಪಾಸಿನ ಆಸ್ತಿಯೊಂದಿಗೆ ಜಗತ್ತಿನ ಸಿರಿವಂತರ ಪಟ್ಟಿಯಲ್ಲಿ ಈಗಲೂ ಮೇಲಿದ್ದಾರೆ. ಒಂದು ಸುದ್ದಿ ಬಿಲ್ ಗೇಟ್ಸ್ ಅವರ ದತ್ತಿ ಸಂಸ್ಥೆಯಾದ ಗೇಟ್ಸ್ ಪ್ರತಿಷ್ಠಾನಕ್ಕೆ ಇನ್ನು ಮುಂದೆ ಬಿಡಿಗಾಸೂ ಇಲ್ಲ ಎನ್ನುತ್ತದೆ, ಇನ್ನೊಂದು ಅದೇ ಪ್ರತಿಷ್ಠಾನಕ್ಕೆ ನೂರಾರು ಕೋಟಿ ಡಾಲರ್ ಹೋಯಿತು ಎನ್ನುತ್ತದೆ. ಮಕ್ಕಳಿಗೆ ಆಸ್ತಿ ಕೊಡುವುದಿಲ್ಲ ಎಂದವರ ಎಲ್ಲ ಆಸ್ತಿಯೂ ಮಕ್ಕಳ ಕೈಗೇ ಹೋಗಲಿದೆಯಂತೆ.

ಇವೆಲ್ಲವೂ ಒಟ್ಟಿಗೇ ನಿಜವಾಗಲು ಸಾಧ್ಯ. ಅದು ಹೇಗೆಂದು ತಿಳಿಯಲು ಬಫೆಟ್ ಎಷ್ಟು ಕೊಟ್ಟರು ಎಂಬುದಕ್ಕಿಂತ ಏನನ್ನು, ಯಾವಾಗ, ಯಾರ ತೀರ್ಮಾನಕ್ಕೆ ಒಪ್ಪಿಸಿ ಕೊಟ್ಟರು ಎಂದು ನೋಡಬೇಕು.

ಕೊಡುವುದು ಷೇರು, ಹಣವಲ್ಲ

ಬಫೆಟ್ ಸಂಪತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಒಂದೇ ಕಂಪನಿಯ ಷೇರಿನಲ್ಲಿದೆ. ಬರ್ಕ್‌ಷೈರ್ ಮೂಲದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್‌ನಲ್ಲಿದ್ದ ಬಟ್ಟೆ ಗಿರಣಿ. 1965ರಲ್ಲಿ ಬಫೆಟ್ ಅದನ್ನು ಹಿಡಿತಕ್ಕೆ ತೆಗೆದುಕೊಂಡರು. ಗಿರಣಿ ಕೊನೆಗೂ ಮೇಲೇಳಲಿಲ್ಲ, 1985ರಲ್ಲಿ ಮುಚ್ಚಿತು. ಆದರೆ ಅದರಿಂದ ತೆಗೆದ ಹಣದಲ್ಲಿ 1967ರಲ್ಲಿ ನ್ಯಾಷನಲ್ ಇಂಡೆಮ್ನಿಟಿ ಎಂಬ ವಿಮಾ ಕಂಪನಿಯನ್ನು 86 ಲಕ್ಷ ಡಾಲರ್‌ಗೆ ಕೊಂಡದ್ದು ಎಲ್ಲಕ್ಕೂ ತಳಹದಿಯಾಯಿತು. ವಿಮೆಯಲ್ಲಿ ಪ್ರೀಮಿಯಂ ಮೊದಲು ಬರುತ್ತದೆ, ಪರಿಹಾರ ಕೊಡುವುದು ಆಮೇಲೆ. ನಡುವಿನ ಅವಧಿಯಲ್ಲಿ ಕೈಯಲ್ಲಿರುವ ಹಣವನ್ನು ಬೇರೆಡೆ ಹೂಡಬಹುದು. ಹಾಗೆ ಹೂಡಿದ ಹಣದಿಂದ ಸೀಸ್ ಕ್ಯಾಂಡೀಸ್ ಎಂಬ ಮಿಠಾಯಿ ಕಂಪನಿ ಬಂತು, ಕೋಕಾ ಕೋಲಾ ಷೇರು ಬಂತು, ಬಿಎನ್‌ಎಸ್‌ಎಫ್ ರೈಲ್ವೆ ಬಂತು, ಆಪಲ್ ಷೇರು ಬಂತು. 1965ರಿಂದ 2024ರವರೆಗೆ ಬರ್ಕ್‌ಷೈರ್ ಷೇರು ವರ್ಷಕ್ಕೆ ಸರಾಸರಿ ಶೇ 19.9ರ ಚಕ್ರಬಡ್ಡಿಯಲ್ಲಿ ಬೆಳೆಯಿತು. ಅದೇ ಅವಧಿಯಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳನ್ನು ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಬೆಳವಣಿಗೆ, ಲಾಭಾಂಶ (ಕಂಪನಿ ತನ್ನ ಲಾಭದಲ್ಲಿ ಷೇರುದಾರರಿಗೆ ಹಂಚುವ ಪಾಲು) ಸೇರಿಸಿ, ಶೇ 10.4.

ಈ ಕಂಪನಿ ಲಾಭಾಂಶ ಕೊಡುವುದಿಲ್ಲ. ಬಫೆಟ್ ಹಿಡಿತಕ್ಕೆ ಬಂದ ಮೇಲೆ 1967ರಲ್ಲಿ ಒಮ್ಮೆ ಷೇರಿಗೆ 10 ಸೆಂಟ್ ಕೊಟ್ಟದ್ದೇ ಮೊದಲು, ಅದೇ ಕೊನೆ. ಬಫೆಟ್ ಸಂಬಳ ದಶಕಗಳ ಕಾಲ ವರ್ಷಕ್ಕೆ 1 ಲಕ್ಷ ಡಾಲರ್‌ನಲ್ಲೇ ನಿಂತಿತ್ತು. ಅಂದರೆ ಆಸ್ತಿಗೆ ಹೋಲಿಸಿದರೆ ಕೈಗೆ ಬರುವ ನಗದು ನಗಣ್ಯ. ದಾನ ಮಾಡಬೇಕೆಂದರೆ ಷೇರು ಮಾರಬೇಕು, ಇಲ್ಲವೇ ಷೇರನ್ನೇ ಕೊಡಬೇಕು. ಅವರು ಎರಡನೆಯದನ್ನು ಆರಿಸಿಕೊಂಡರು. ಮಾರಿ ನಗದು ಮಾಡಿಕೊಳ್ಳುವ ಕೆಲಸ ಪಡೆದವರದು.

ಎ ಷೇರು, ಬಿ ಷೇರು: ಇಲ್ಲೇ ಇದೆ ಕೀಲಿ

ಬರ್ಕ್‌ಷೈರ್‌ನಲ್ಲಿ ಎರಡು ಬಗೆಯ ಷೇರುಗಳಿವೆ. ಹಳೆಯ ಎ ಷೇರಿಗೆ 2025ರ ಕೊನೆಯಲ್ಲಿ ಏಳೂವರೆ ಲಕ್ಷ ಡಾಲರ್‌ನ ಆಸುಪಾಸು ಬೆಲೆಯಿತ್ತು. ಅದರ 1,500ರಲ್ಲಿ ಒಂದು ಪಾಲು ಬಿ ಷೇರು, ಬೆಲೆ ಸುಮಾರು 500 ಡಾಲರ್. ಬಿ ಷೇರು ಹುಟ್ಟಿದ್ದು 1996ರಲ್ಲಿ. ಸಣ್ಣ ಹೂಡಿಕೆದಾರರಿಗೆ ಬರ್ಕ್‌ಷೈರ್‌ನ ತುಣುಕು ಮಾರುತ್ತೇವೆಂದು ಕೆಲವರು ದುಬಾರಿ ಶುಲ್ಕದ ನಿಧಿಗಳನ್ನು ತೆರೆಯಲು ಹೊರಟಾಗ ಅವರನ್ನು ತಡೆಯಲೆಂದು ಬಫೆಟ್ ತಂದ ವ್ಯವಸ್ಥೆ ಅದು. ಆಗ ಬಿ ಷೇರು ಎ ಷೇರಿನ 30ರಲ್ಲಿ ಒಂದು ಪಾಲಾಗಿತ್ತು. 2010ರಲ್ಲಿ ರೈಲ್ವೆ ಕಂಪನಿಯನ್ನು ಕೊಳ್ಳುವಾಗ ಒಂದು ಬಿ ಷೇರನ್ನು 50 ಮಾಡಿ ಒಡೆದರು, ಈಗಿನ ಲೆಕ್ಕ ಬಂತು.

ಎ ಷೇರನ್ನು ಯಾವಾಗ ಬೇಕಾದರೂ 1,500 ಬಿ ಷೇರಾಗಿ ಪರಿವರ್ತಿಸಬಹುದು. ಬಿ ಷೇರು ಮರಳಿ ಎ ಆಗುವುದಿಲ್ಲ. ಹಣದ ಲೆಕ್ಕದಲ್ಲಿ ಪರಿವರ್ತನೆಯಿಂದ ನಷ್ಟವಿಲ್ಲ. ಕಂಪನಿಯ ತೀರ್ಮಾನಗಳಿಗೆ ಷೇರುದಾರರು ಹಾಕುವ ಮತದ ಲೆಕ್ಕ ಬೇರೆ: ಒಂದು ಬಿ ಷೇರಿಗೆ ಎ ಷೇರಿನ ಮತದ 10,000ದಲ್ಲಿ ಒಂದು ಪಾಲು ಮಾತ್ರ. 1,500 ಬಿ ಷೇರು ಸೇರಿದರೂ ಒಂದು ಎ ಷೇರಿನ ಮತದ ಶೇ 15 ಆದೀತು ಅಷ್ಟೆ, ಉಳಿದ ಶೇ 85 ಆವಿ.

ಬಫೆಟ್ ಪ್ರತಿ ಸಲ ದಾನ ಮಾಡುವುದು ಹೀಗೆಯೇ. 2025ರ ನವೆಂಬರ್‌ನಲ್ಲಿ 1,800 ಎ ಷೇರುಗಳನ್ನು 27 ಲಕ್ಷ ಬಿ ಷೇರುಗಳಾಗಿ ಪರಿವರ್ತಿಸಿದರು. ಅದರಲ್ಲಿ 15 ಲಕ್ಷ ದಿವಂಗತ ಪತ್ನಿಯ ಹೆಸರಿನ ಸೂಸನ್ ಥಾಂಪ್ಸನ್ ಬಫೆಟ್ ಪ್ರತಿಷ್ಠಾನಕ್ಕೆ ಹೋಯಿತು. ಮಕ್ಕಳಾದ ಸೂಸಿ, ಹೊವರ್ಡ್, ಪೀಟರ್ ನಡೆಸುವ ಶೆರ್‌ವುಡ್, ಹೊವರ್ಡ್ ಜಿ. ಬಫೆಟ್ ಮತ್ತು ನೊವೊ ಪ್ರತಿಷ್ಠಾನಗಳಿಗೆ ತಲಾ 4 ಲಕ್ಷ. ಒಟ್ಟು ಬೆಲೆ 1.3 ಶತಕೋಟಿ ಡಾಲರ್‌ನಷ್ಟು. ಹಣ ದಾಟಿತು, ಮತದ ಹಕ್ಕಿನ ಬಹುಪಾಲು ಯಾರಿಗೂ ಸಿಗದೆ ಕರಗಿತು. ಬಫೆಟ್ ಕೈಯಲ್ಲಿ ಉಳಿದಿರುವುದು ಸುಮಾರು 1.96 ಲಕ್ಷ ಎ ಷೇರು. ಕಂಪನಿಯ ಒಡೆತನದಲ್ಲಿ ಇದು ಶೇ 14ಕ್ಕಿಂತ ಕಡಿಮೆ, ಮತದಲ್ಲಿ ಮಾತ್ರ ಶೇ 30ರಷ್ಟು.

ಶೇ 5ರ ಸೂತ್ರ

2006ರ ಜೂನ್‌ನಲ್ಲಿ ಬಫೆಟ್ ದಾನದ ಯೋಜನೆ ಪ್ರಕಟಿಸಿದಾಗ ಅವರ ಬಳಿ 4,74,998 ಎ ಷೇರುಗಳಿದ್ದವು. ಆಗ ಒಂದರ ಬೆಲೆ ಸುಮಾರು 92,000 ಡಾಲರ್, ಒಟ್ಟು 43–44 ಶತಕೋಟಿ. ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನಕ್ಕೆಂದು 1 ಕೋಟಿ ಬಿ ಷೇರುಗಳನ್ನು (ಈಗಿನ ಲೆಕ್ಕದಲ್ಲಿ 50 ಕೋಟಿ) ಬೇರೆ ಎತ್ತಿಟ್ಟರು. ಆದರೆ ಒಮ್ಮೆಲೇ ಕೊಡಲಿಲ್ಲ. ಪ್ರತಿ ವರ್ಷ, ಉಳಿದಿರುವುದರ ಶೇ 5ರಷ್ಟನ್ನು ಕೊಡುವುದು ಎಂದು ಗೊತ್ತುಪಡಿಸಿದರು. ಕುಟುಂಬದ ನಾಲ್ಕು ಪ್ರತಿಷ್ಠಾನಗಳಿಗೂ ಸಣ್ಣ ಮೊತ್ತದಲ್ಲಿ ಇದೇ ಸೂತ್ರ. 2012ರಲ್ಲಿ ಮಕ್ಕಳ ಪ್ರತಿಷ್ಠಾನಗಳ ಪಾಲನ್ನು ದುಪ್ಪಟ್ಟು ಮಾಡಿದರು.

ಉಳಿದದ್ದರ ಶೇ 5 ಎಂದರೆ ಪ್ರತಿ ವರ್ಷವೂ ಕೊಡುವ ಷೇರಿನ ಸಂಖ್ಯೆ ಇಳಿಯುತ್ತ ಹೋಗುತ್ತದೆ. ಈಗಿನ ಲೆಕ್ಕದಲ್ಲಿ ಹೇಳುವುದಾದರೆ 2006ರಲ್ಲಿ ಗೇಟ್ಸ್ ಪ್ರತಿಷ್ಠಾನಕ್ಕೆ ಹೋದದ್ದು 2.5 ಕೋಟಿ ಬಿ ಷೇರು. 2025ರ ಜೂನ್‌ನಲ್ಲಿ, ಇಪ್ಪತ್ತನೇ ಕಂತಿನಲ್ಲಿ, ಹೋದದ್ದು 94.3 ಲಕ್ಷ. ಸಂಖ್ಯೆ ಶೇ 62ರಷ್ಟು ಇಳಿದಿದೆ. ಡಾಲರ್ ಲೆಕ್ಕ ಇದಕ್ಕೆ ತದ್ವಿರುದ್ಧ. ಮೊದಲ ಕಂತು ಒಂದೂವರೆ ಶತಕೋಟಿಗೂ ತುಸು ಹೆಚ್ಚು, ಇಪ್ಪತ್ತನೆಯದು ಸುಮಾರು 4.6 ಶತಕೋಟಿ. ಷೇರಿನ ಬೆಲೆ ವರ್ಷಕ್ಕೆ ಶೇ 5ಕ್ಕಿಂತ ಜೋರಾಗಿ ಏರಿದ್ದರಿಂದ ಹೀಗಾಯಿತು.

ಕೊಟ್ಟಷ್ಟೂ ಉಳಿದದ್ದರ ಗುಟ್ಟು ಇದೇ. ಬಫೆಟ್ 2006ರಲ್ಲಿದ್ದ ಷೇರುಗಳ ಪೈಕಿ ಶೇ 58ಕ್ಕೂ ಹೆಚ್ಚನ್ನು ಕೊಟ್ಟುಬಿಟ್ಟಿದ್ದಾರೆ. ಆದರೆ ಆ ಅವಧಿಯಲ್ಲಿ ಪ್ರತಿ ಷೇರಿನ ಬೆಲೆ ಎಂಟು ಪಟ್ಟಾಯಿತು. ಹಾಗಾಗಿ 44 ಶತಕೋಟಿಯ ಒಡೆಯರು 60 ಶತಕೋಟಿ ಕೊಟ್ಟ ಮೇಲೂ 150 ಶತಕೋಟಿಯ ಒಡೆಯರಾಗಿಯೇ ಇದ್ದಾರೆ.

ತಡವಾಗಿ ಕೊಟ್ಟದ್ದು ಸರಿಯೇ?

ಬಫೆಟ್ ಮೊದಲು ಅಂದುಕೊಂಡದ್ದು ಬದುಕಿರುವಾಗ ಬೆಳೆಸುವುದು, ಸತ್ತ ಮೇಲೆ ಕೊಡುವುದು ಎಂದು. ಪತ್ನಿ ಸೂಸನ್ ತಮ್ಮ ನಂತರವೂ ಇರುತ್ತಾರೆ, ಹಂಚುವ ಕೆಲಸ ಅವರೇ ನೋಡಿಕೊಳ್ಳುತ್ತಾರೆ ಎಂಬುದು ಲೆಕ್ಕಾಚಾರ. 2004ರಲ್ಲಿ ಸೂಸನ್ ತೀರಿಕೊಂಡರು. ಎರಡು ವರ್ಷದೊಳಗೆ ಯೋಜನೆ ಬದಲಾಯಿತು.

ಕಾಯುವುದರ ಪರವಾದ ವಾದಕ್ಕೆ ಅಂಕಿಗಳ ಬಲವಿದೆ. ಈವರೆಗೆ ಕೊಟ್ಟಿರುವ ಸುಮಾರು 2.78 ಲಕ್ಷ ಎ ಷೇರುಗಳನ್ನು ಕೊಡದೆ ಇಟ್ಟುಕೊಂಡಿದ್ದರೆ ಅವುಗಳ ಬೆಲೆ ಈಗ 200 ಶತಕೋಟಿ ಡಾಲರ್ ಮೀರುತ್ತಿತ್ತು. ಕೊಟ್ಟಾಗಿನ ಬೆಲೆಗಳನ್ನು ಕೂಡಿದರೆ ಬರುವುದು 60 ಚಿಲ್ಲರೆ. ವರ್ಷಕ್ಕೆ ಶೇ 20 ಬೆಳೆಸಬಲ್ಲ ಕೈಯಿಂದ ಹಣ ಬೇಗ ಕಿತ್ತುಕೊಂಡರೆ ನಷ್ಟ ದಾನಕ್ಕೇ ಎಂಬುದು ಈ ವಾದ.

ಎದುರು ವಾದವೂ ಗಟ್ಟಿಯೇ. 2006ರಲ್ಲಿ ಲಸಿಕೆ ಸಿಗದೆ ಸತ್ತ ಮಗುವಿಗೆ 2026ರ ಎಂಟು ಪಟ್ಟು ಹಣದಿಂದ ಪ್ರಯೋಜನವಿಲ್ಲ. ರೋಗ ತಡೆಯುವ ಕೆಲಸಕ್ಕೂ ಚಕ್ರಬಡ್ಡಿಯುಂಟು. ಬದುಕುಳಿದ ಮಗು ಓದುತ್ತದೆ, ದುಡಿಯುತ್ತದೆ, ಮನೆ ನಡೆಸುತ್ತದೆ. ಜೊತೆಗೆ, ಬರ್ಕ್‌ಷೈರ್ ಈಗ ಒಂದು ಲಕ್ಷ ಕೋಟಿ ಡಾಲರ್‌ನ ಕಂಪನಿ. ಹಿಂದಿನ ವೇಗದಲ್ಲಿ ಅದು ಇನ್ನು ಬೆಳೆಯಲಾರದು ಎಂದು ಬಫೆಟ್ ಅವರೇ ಷೇರುದಾರರಿಗೆ ಹಲವು ಸಲ ಹೇಳಿದ್ದಾರೆ. ಹಾಗಾದರೆ ಕಾಯುವ ವಾದದ ಬಲ 1986ಕ್ಕಿಂತ 2026ರಲ್ಲಿ ಬಹಳ ಕಡಿಮೆ. ಕೊಡುವ ವೇಗ ಹೆಚ್ಚಿಸುತ್ತೇನೆಂದು ಷೇರುದಾರರಿಗೆ 2025ರ ನವೆಂಬರ್‌ನಲ್ಲಿ ಬರೆದ ಪತ್ರದಲ್ಲಿ ಅವರು ಹೇಳಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು, ವಯಸ್ಸಿನ ಹಿನ್ನೆಲೆಯಲ್ಲಷ್ಟೇ ಅಲ್ಲ.

ಗೇಟ್ಸ್ ಪ್ರತಿಷ್ಠಾನಕ್ಕೆ ಇದೆಯೋ ಇಲ್ಲವೋ?

ಎರಡೂ ಸರಿ. 2006ರ ಮಾತಿಗೆ ಮೂರು ಷರತ್ತುಗಳಿದ್ದವು. ಬಿಲ್ ಅಥವಾ ಮೆಲಿಂಡಾ ಇಬ್ಬರಲ್ಲಿ ಒಬ್ಬರಾದರೂ ಬದುಕಿದ್ದು ಪ್ರತಿಷ್ಠಾನದ ಕೆಲಸದಲ್ಲಿ ತೊಡಗಿರಬೇಕು. ಪ್ರತಿಷ್ಠಾನ ಕಾನೂನಿನ ಕಣ್ಣಿನಲ್ಲಿ ದತ್ತಿ ಸಂಸ್ಥೆಯಾಗಿಯೇ ಉಳಿಯಬೇಕು. ಮೂರನೆಯದು ಜಾಣ ಷರತ್ತು: ತಾನು ಕೊಟ್ಟ ವಾರ್ಷಿಕ ಕಂತನ್ನು ಪೂರ್ತಿ ಖರ್ಚು ಮಾಡಬೇಕು, ಅದೂ ಅಮೆರಿಕದ ಕಾನೂನು ಖಾಸಗಿ ಪ್ರತಿಷ್ಠಾನಗಳಿಗೆ ವಿಧಿಸುವ ಶೇ 5ರ ಕನಿಷ್ಠ ವೆಚ್ಚದ ಮೇಲೆ ಹೆಚ್ಚುವರಿಯಾಗಿ. ಬಂದದ್ದನ್ನು ತಿಜೋರಿಗೆ ಸೇರಿಸಿಟ್ಟು ಬಡ್ಡಿಯಲ್ಲಿ ದಾನ ಮಾಡುವ ದಾರಿಯನ್ನು ಇದು ಮುಚ್ಚಿತು.

ಈ ವಾರ್ಷಿಕ ಕಂತು ಬಫೆಟ್ ಬದುಕಿರುವವರೆಗಿನ ಮಾತು. ಅವರ ನಂತರ ಗೇಟ್ಸ್ ಪ್ರತಿಷ್ಠಾನಕ್ಕೆ ಏನೂ ಹೋಗುವುದಿಲ್ಲ ಎಂಬುದು 2024ರ ಜೂನ್‌ನಲ್ಲಿ ಹೊರಬಿತ್ತು. ಬಫೆಟ್ 2021ರಲ್ಲೇ ಅಲ್ಲಿನ ಟ್ರಸ್ಟಿ ಸ್ಥಾನ ಬಿಟ್ಟಿದ್ದರು. ಮೆಲಿಂಡಾ 2024ರ ಜೂನ್‌ನಲ್ಲಿ ಹೊರನಡೆದರು. 2025ರ ಮೇ ತಿಂಗಳಲ್ಲಿ ಗೇಟ್ಸ್ ತಮ್ಮ ಪ್ರತಿಷ್ಠಾನ 2045ರ ಕೊನೆಗೆ ಮುಚ್ಚುತ್ತದೆ, ಅಷ್ಟರೊಳಗೆ 200 ಶತಕೋಟಿ ಡಾಲರ್ ಖರ್ಚು ಮಾಡುತ್ತದೆ ಎಂದು ಪ್ರಕಟಿಸಿದರು. ಸಂಶೋಧನೆ, ಪೋಲಿಯೊ, ಮಲೇರಿಯಾದಂತಹ ಕೆಲಸಗಳಿಗೆ ಗೇಟ್ಸ್ ಪ್ರತಿಷ್ಠಾನವನ್ನೇ ನೆಚ್ಚಿಕೊಂಡವರಿಗೆ ಇದರ ಅರ್ಥ ಸ್ಪಷ್ಟ. ವರ್ಷಕ್ಕೆ ನಾಲ್ಕೈದು ಶತಕೋಟಿ ಡಾಲರ್ ಒಂದು ಮೂಲದಿಂದ ಯಾವುದಾದರೂ ವರ್ಷ ಥಟ್ಟನೆ ನಿಲ್ಲಬಹುದು.

ಮೂವರೂ ಒಪ್ಪಬೇಕು

ಬಫೆಟ್ ನಂತರ ಉಳಿದ ಆಸ್ತಿ ಹೋಗುವುದು ಒಂದು ದತ್ತಿ ಟ್ರಸ್ಟ್‌ಗೆ. ಟ್ರಸ್ಟಿಗಳು ಮೂವರು ಮಕ್ಕಳು. ಆ ಹಣ ಅವರ ಸ್ವಂತದ್ದಲ್ಲ, ಅವರು ಹಂಚುವವರು ಮಾತ್ರ. 'ಮಕ್ಕಳಿಗೆ ಆಸ್ತಿ' ಎಂಬ ಶೀರ್ಷಿಕೆಗಳು ದಾರಿ ತಪ್ಪಿಸಿದ್ದು ಇಲ್ಲೇ. ಅವರಿಗೆಂದೇ ದಕ್ಕಿದ್ದು ಬೇರೆ. ತಾಯಿಯ ಉಯಿಲಿನಿಂದ ತಲಾ 1 ಕೋಟಿ ಡಾಲರ್ ಬಂದಿತ್ತು.

ಷರತ್ತು ಏನೆಂದರೆ, ಪ್ರತಿ ಅನುದಾನಕ್ಕೂ ಮೂವರ ಒಮ್ಮತ ಬೇಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗಲು ಬೇಕಾದ ಎಲ್ಲ ಕಾರಣಗಳೂ ಇಲ್ಲಿವೆ. ಸೂಸಿಯ ಕೆಲಸ ಹೆಚ್ಚಾಗಿ ನೆಬ್ರಾಸ್ಕಾದಲ್ಲಿ, ಎಳೆಯ ಮಕ್ಕಳ ಶಿಕ್ಷಣದ ಸುತ್ತ. ಹೊವರ್ಡ್ ಆಹಾರ ಭದ್ರತೆ ಮತ್ತು ಯುದ್ಧಪೀಡಿತ ಪ್ರದೇಶಗಳಲ್ಲಿದ್ದಾರೆ, ಇತ್ತೀಚೆಗೆ ಉಕ್ರೇನ್‌ನಲ್ಲಿ ದೊಡ್ಡ ಮೊತ್ತ ಹಾಕಿದ್ದಾರೆ. ಪೀಟರ್ ಹೆಣ್ಣುಮಕ್ಕಳು ಮತ್ತು ಮೂಲನಿವಾಸಿ ಸಮುದಾಯಗಳ ಕಡೆ ಒಲಿದವರು. ಸಿರಿವಂತರ ದಾನ ಸಮಸ್ಯೆಯ ಬೇರನ್ನು ಮುಟ್ಟದೆ ಅವರ ಮನಸ್ಸಾಕ್ಷಿಯನ್ನು ಹಗುರ ಮಾಡುವ ಉದ್ಯಮವಾಗಿದೆ ಎಂದು 2013ರಲ್ಲಿ ಬಹಿರಂಗವಾಗಿ ಟೀಕಿಸಿದವರೂ ಇದೇ ಪೀಟರ್.

ಒಮ್ಮತದ ಷರತ್ತಿಗೆ ಬಫೆಟ್ ಕೊಡುವ ಕಾರಣ ವ್ಯಾವಹಾರಿಕವಾದದ್ದು. ದೊಡ್ಡ ಹಣವಿರುವ ಕಡೆಗೆ ಕೇಳುವವರ ಸಾಲು ನಿಲ್ಲುವುದಿಲ್ಲ. ಒಡಹುಟ್ಟಿದವರು ಒಪ್ಪುವುದಿಲ್ಲ ಎಂದು ಹೇಳಿ ಕಳುಹಿಸಲು ಮೂವರಿಗೂ ಒಂದು ದಾರಿ ಬೇಕು. ಕಾರಣ ಒಪ್ಪುವಂಥದ್ದೇ. ಆದರೆ ಇಲ್ಲ ಎನ್ನುವುದನ್ನು ಸುಲಭ ಮಾಡುವ ನಿಯಮ ಹೌದು ಎನ್ನುವುದನ್ನು ಅಷ್ಟೇ ಕಷ್ಟ ಮಾಡುತ್ತದೆ, ಮತ್ತು ಇಲ್ಲಿ ಹೌದು ಎನ್ನಲು ಇರುವ ಕಾಲ ಕಡಿಮೆ. ಆಸ್ತಿ ಇತ್ಯರ್ಥವಾದ 10 ವರ್ಷಗಳೊಳಗೆ ಎಲ್ಲವೂ ಖರ್ಚಾಗಬೇಕು, ಶಾಶ್ವತ ನಿಧಿಗಳಿಗೆ ಏನೂ ಹೋಗಬಾರದು ಎಂಬುದು ಬಫೆಟ್ ತಮ್ಮ ದಾನದ ಪ್ರತಿಜ್ಞೆಯಲ್ಲಿ (ಗಿವಿಂಗ್ ಪ್ಲೆಜ್) ಬರೆದ ಮಾತು. 150 ಶತಕೋಟಿಯನ್ನು 10 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 15 ಶತಕೋಟಿ. ನೂರಾರು ತಜ್ಞರಿರುವ ಗೇಟ್ಸ್ ಪ್ರತಿಷ್ಠಾನದ ವಾರ್ಷಿಕ ಬಜೆಟ್ಟೇ 9 ಶತಕೋಟಿಯ ಮಟ್ಟದ್ದು. 2025ರ ಜೂನ್ ಕಂತಿನಲ್ಲಿ ಮೂವರು ಮಕ್ಕಳ ಪ್ರತಿಷ್ಠಾನಗಳಿಗೆ ಸಿಕ್ಕಿದ್ದು ತಲಾ 6,60,366 ಬಿ ಷೇರು, ಅಂದರೆ 32 ಕೋಟಿ ಡಾಲರ್‌ನಷ್ಟು. ಅಲ್ಲಿಂದ ಹಲವು ಪಟ್ಟು ಮೇಲೇರಬೇಕು. ವಯಸ್ಸೂ ಕಾಯುವುದಿಲ್ಲ: ನವೆಂಬರ್ ಪತ್ರದ ಹೊತ್ತಿಗೆ ಅವರಿಗೆ 72, 70, 67. ಅವರಲ್ಲಿ ಯಾರಾದರೂ ಇಲ್ಲವಾದರೆ ಬರಬೇಕಾದ ಮೂವರು ಬದಲಿ ಟ್ರಸ್ಟಿಗಳನ್ನು ಬಫೆಟ್ 2024ರಲ್ಲೇ ಗೊತ್ತು ಮಾಡಿದ್ದಾರೆ.

ಕಂಪನಿಯ ಹೆಸರಿನಲ್ಲಿ ದಾನ ಮಾಡದೆ ವೈಯಕ್ತಿಕವಾಗಿ ಮಾಡುವುದಕ್ಕೂ ಹಿಂದಿನ ಪಾಠವೊಂದಿದೆ. 1981ರಿಂದ ಬರ್ಕ್‌ಷೈರ್‌ನಲ್ಲಿ ಷೇರುದಾರರು ತಮ್ಮ ಪಾಲಿನ ದಾನ ಯಾವ ಸಂಸ್ಥೆಗೆ ಹೋಗಬೇಕೆಂದು ಸೂಚಿಸುವ ವ್ಯವಸ್ಥೆಯಿತ್ತು. ಗರ್ಭಪಾತದ ಹಕ್ಕಿನ ಪರವಾದ ಸಂಸ್ಥೆಗಳಿಗೂ ಅದರಲ್ಲಿ ಹಣ ಹೋಗುತ್ತಿದೆಯೆಂದು ಬರ್ಕ್‌ಷೈರ್ ಒಡೆತನದ ಪ್ಯಾಂಪರ್ಡ್ ಶೆಫ್ ಕಂಪನಿಗೆ ಬಹಿಷ್ಕಾರದ ಬಿಸಿ ತಟ್ಟಿತು. ಪೆಟ್ಟು ಬಿದ್ದದ್ದು ಕಮಿಷನ್ ಮೇಲೆ ಪಾತ್ರೆಪಗಡ ಮಾರಿ ಬದುಕುವವರಿಗೆ. 2003ರಲ್ಲಿ ಆ ವ್ಯವಸ್ಥೆಯನ್ನೇ ನಿಲ್ಲಿಸಿದರು.

ತೆರಿಗೆ ಉಳಿಸಲು ಈ ದಾನವೇ?

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ತಾನು ಕೊಟ್ಟ ಪ್ರತಿ 1,000 ಡಾಲರ್‌ಗೆ ಉಳಿದ ತೆರಿಗೆ ಸುಮಾರು 40 ಸೆಂಟ್ ಎಂದು ಬಫೆಟ್ 2021ರಲ್ಲಿ ಹೇಳಿದ್ದರು. ಇದು ನಂಬಬಹುದಾದ ಮಾತು. ವಿನಾಯಿತಿ ಸಿಗುವುದು ಆದಾಯದ ಮೇಲೆ, ಅದೂ ಒಂದು ಮಿತಿಯೊಳಗೆ. ಆದಾಯವೇ ಕಡಿಮೆಯಿದ್ದರೆ ವಿನಾಯಿತಿ ಬಳಸಲು ಜಾಗವಿಲ್ಲ.

ಆದರೆ ಚಿತ್ರದ ಇನ್ನರ್ಧ ಬೇರೆಯಿದೆ. ಷೇರು ಮಾರದೆ ಇರುವವರೆಗೆ ಏರಿದ ಬೆಲೆಗೆ ಅಮೆರಿಕದಲ್ಲಿ ತೆರಿಗೆಯಿಲ್ಲ. ಷೇರನ್ನೇ ದಾನ ಕೊಟ್ಟರೆ ಆ ತೆರಿಗೆ ಯಾವತ್ತಿಗೂ ಬರುವುದಿಲ್ಲ. ಮರಣಾನಂತರ ದೊಡ್ಡ ಆಸ್ತಿಗಳ ಮೇಲೆ ಬೀಳುವ ಶೇ 40ರ ತೆರಿಗೆಯೂ ದತ್ತಿಗೆ ಹೋದ ಪಾಲಿಗೆ ತಾಕುವುದಿಲ್ಲ. 2014–18ರಲ್ಲಿ ಬಫೆಟ್ ಆಸ್ತಿ 24.3 ಶತಕೋಟಿ ಡಾಲರ್ ಬೆಳೆದರೆ ಅವರು ಕಟ್ಟಿದ ಆದಾಯ ತೆರಿಗೆ 2.37 ಕೋಟಿ ಡಾಲರ್ ಎಂದು ಅಮೆರಿಕದ ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2021ರಲ್ಲಿ ವರದಿ ಮಾಡಿತ್ತು. ಸಿರಿವಂತರ ಮೇಲೆ ಹೆಚ್ಚು ತೆರಿಗೆ ಹಾಕಿ ಎಂದು ದಶಕಗಳಿಂದ ಹೇಳುತ್ತ ಬಂದವರೂ ಬಫೆಟ್ಟೇ. ತಮ್ಮ ಹಣ ಸರ್ಕಾರದ ಕೈಗಿಂತ ದತ್ತಿಯ ಕೈಯಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದೂ ಅವರು ವಾದಿಸಿದ್ದಾರೆ. ಆ ತೀರ್ಮಾನ ಯಾರು ಮಾಡಬೇಕು, ಮತದಾರರೋ ಒಡೆಯರೋ ಎಂಬುದೇ ವಿಮರ್ಶಕರ ಅಸಲು ತಕರಾರು. ಅದಕ್ಕೆ 40 ಸೆಂಟಿನ ಲೆಕ್ಕ ಉತ್ತರವಾಗದು.

ಬರ್ಕ್‌ಷೈರ್‌ಗೆ ಏನಾಗುತ್ತದೆ?

ಮೊದಲ ಅಂಜಿಕೆ, 150 ಶತಕೋಟಿಯ ಷೇರು ಮಾರುಕಟ್ಟೆಗೆ ಬಂದರೆ ಬೆಲೆ ಕುಸಿದೀತು ಎಂಬುದು. ಹತ್ತು ವರ್ಷಕ್ಕೆ ಹರಡಿದರೆ ಈ ಗಾತ್ರದ ಕಂಪನಿಗೆ ಅದು ದೊಡ್ಡ ಹೊರೆಯಲ್ಲ. ಬರ್ಕ್‌ಷೈರ್ ಬಳಿ 2025ರ ಸೆಪ್ಟೆಂಬರ್ ಕೊನೆಗೆ 381 ಶತಕೋಟಿ ಡಾಲರ್‌ಗೂ ಹೆಚ್ಚು ನಗದು ಮತ್ತು ಸರ್ಕಾರದ ಅಲ್ಪಾವಧಿ ಸಾಲಪತ್ರಗಳಿದ್ದವು. ತನ್ನ ಷೇರನ್ನು ತಾನೇ ಕೊಳ್ಳುವ ಶಕ್ತಿ ಅದಕ್ಕಿದೆ. 2012ರ ಡಿಸೆಂಬರ್‌ನಲ್ಲಿ ಹಳೆಯ ಷೇರುದಾರರೊಬ್ಬರು ಬಿಟ್ಟುಹೋದ ಆಸ್ತಿಯಿಂದ 9,200 ಎ ಷೇರುಗಳನ್ನು ತಲಾ 1,31,000 ಡಾಲರ್‌ಗೆ ಒಂದೇ ಏಟಿಗೆ ಕೊಂಡ ಉದಾಹರಣೆಯೂ ಇದೆ.

ಎರಡನೆಯದು ಗಂಭೀರ. ಖಾಸಗಿ ಪ್ರತಿಷ್ಠಾನ ಮತ್ತು ಅದಕ್ಕೆ ಹತ್ತಿರದವರು ಸೇರಿ ಒಂದು ಕಂಪನಿಯ ಮತದಲ್ಲಿ ಸಾಮಾನ್ಯವಾಗಿ ಶೇ 20 ಮೀರುವಂತಿಲ್ಲ ಎಂದು ಅಮೆರಿಕದ ತೆರಿಗೆ ಕಾನೂನು ಹೇಳುತ್ತದೆ. ಉಯಿಲಿನಿಂದ ಬಂದ ಪಾಲನ್ನು ಇಳಿಸಲು 5 ವರ್ಷ ಕೊಡುತ್ತದೆ, ತೀರಾ ದೊಡ್ಡ ಆಸ್ತಿಗಳಿಗೆ ಇನ್ನೂ 5 ವರ್ಷ ಸಿಗಬಹುದು. ಎ ಷೇರನ್ನು ಬಿ ಮಾಡುವುದೇ ಅದಕ್ಕೆ ಸುಲಭದ ದಾರಿ. ಬಫೆಟ್ ಬಳಿಯ ಎಲ್ಲ ಎ ಷೇರೂ ಬಿ ಆದರೆ ಶೇ 30ರ ಮತ ಸುಮಾರು ಶೇ 6ಕ್ಕೆ ಇಳಿಯುತ್ತದೆ.

ಇಷ್ಟು ವರ್ಷ ಕಂಪನಿಯನ್ನು ಒಡೆದು ಮಾರಿ, ನಗದನ್ನು ಹಂಚಿ ಎಂದು ಕೇಳುವವರು ಬರ್ಕ್‌ಷೈರ್ ಹತ್ತಿರ ಸುಳಿಯದೇ ಇದ್ದದ್ದು ಆ ಶೇ 30ರ ಕಾವಲಿನಿಂದ. ಏಬಲ್ ಮೇಲೆ ಷೇರುದಾರರಿಗೆ ವಿಶ್ವಾಸ ಕೂಡುವವರೆಗೆ ಗಣನೀಯ ಪ್ರಮಾಣದ ಎ ಷೇರು ಇಟ್ಟುಕೊಳ್ಳುತ್ತೇನೆ ಎಂದು ಬಫೆಟ್ ನವೆಂಬರ್‌ನಲ್ಲಿ ಬರೆದದ್ದು ಇದನ್ನು ತಿಳಿದೇ. ಆದರೆ ಮಕ್ಕಳ ಪ್ರತಿಷ್ಠಾನಗಳಿಗೆ ಬೇಗ ಕೊಡುವ ಆಸೆಗೂ ಏಬಲ್‌ಗೆ ಕಾವಲಿರುವ ಆಸೆಗೂ ಹೊಂದಾಣಿಕೆ ಇಲ್ಲ. ಒಂದರ ವೇಗ ಹೆಚ್ಚಿದಷ್ಟೂ ಇನ್ನೊಂದು ಸೊರಗುತ್ತದೆ. ಮತದ ತೂಕ ನಿಧಾನವಾಗಿ ಉಳಿದ ಎ ಷೇರುದಾರರ ಕಡೆಗೆ, ವ್ಯಾನ್‌ಗಾರ್ಡ್ ಮತ್ತು ಬ್ಲ್ಯಾಕ್‌ರಾಕ್‌ನಂತಹ, ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ನಿಧಿಗಳನ್ನು ನಡೆಸುವ ಸಂಸ್ಥೆಗಳ ಕಡೆಗೆ ಸರಿಯುತ್ತದೆ. ಲಾಭಾಂಶ ಕೊಡಿ ಎಂಬ ಮೊದಲ ಗಟ್ಟಿ ಬೇಡಿಕೆ ಬರುವುದು ಅಲ್ಲಿಂದಲೇ ಇರಬಹುದು, ಅಥವಾ ವರ್ಷಕ್ಕೆ 15 ಶತಕೋಟಿ ನಗದು ಹೊಂದಿಸಬೇಕಾದ ಬಫೆಟ್ ಟ್ರಸ್ಟ್‌ನಿಂದಲೇ ಬಂದರೂ ಅಚ್ಚರಿಯಿಲ್ಲ.